ಲಾರಿಯವರ ಜಾಗದಲ್ಲಿ ನಮ್ಮ ಆರ್‌ವಿ

ಬೇಸಿಗೆ ರಜೆ ಬಂತು ಅಂದರೆ ಗೆಳೆಯರ ಫೋನ್ ಶುರುವಾಗುತ್ತದೆ. ಆರ್‌ವಿ (ಒಳಗೇ ಅಡುಗೆ, ನಿದ್ದೆ ಎಲ್ಲ ಆಗುವ ಗಾಡಿ) ಬಾಡಿಗೆಗೆ ತಗೊಂಡಿದ್ದೀವಿ, ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟಿದ್ದೀವಿ, ದಾರಿಯಲ್ಲಿ ರಾತ್ರಿ ಯಾವುದಾದರೂ ಟ್ರಕ್ ಸ್ಟಾಪಲ್ಲಿ ಮಲಗಿದರೆ ಆಯ್ತಲ್ವಾ, ಕ್ಯಾಂಪ್‌ಗ್ರೌಂಡ್‌ಗೆ ಯಾಕೆ ಸುಮ್ನೆ ದುಡ್ಡು ಅಂತ. ನನ್ನ ಉತ್ತರ ಯಾವಾಗಲೂ ಒಂದೇ. ಮಲಗಬಹುದು, ಬಹಳ ಕಡೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಬೇರೆ ಜಾಗ ಸಿಗುವ ಹಾಗಿದ್ದರೆ ಅಲ್ಲಿ ಮಲಗಬೇಡಿ. ಇಷ್ಟು ಹೇಳಿದರೆ ಅವರಿಗೆ ಸ್ವಲ್ಪ ಬೇಜಾರಾಗುತ್ತದೆ. ಅಷ್ಟು ದೊಡ್ಡ ಮೈದಾನ, ಒಂದು ಮೂಲೆಯಲ್ಲಿ ನಮ್ಮ ಗಾಡಿ ನಿಂತರೆ ಯಾರ ಗಂಟು ಹೋಗುತ್ತೆ ಅಂತ ಕೇಳುತ್ತಾರೆ. ಯಾರದ್ದು ಹೋಗುತ್ತದೆ, ಎಷ್ಟು ಗಂಟೆಗೆ ಹೋಗುತ್ತದೆ ಅನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಟೆಕ್ಸಸ್‌ನ ಡಲ್ಲಾಸ್ ಹತ್ತಿರ. ನಮ್ಮದು 30 ಅಡಿಯ ಹಳೇ ಆರ್‌ವಿ. ಮುಂದೆ ವ್ಯಾನಿನ ಮೂತಿ, ಹಿಂದೆ ಒಂದು ಪುಟ್ಟ ಮನೆ. ನಾನೂ ನಮ್ಮವರೂ ಸರದಿಯ ಮೇಲೆ ಓಡಿಸುತ್ತೇವೆ. ಅಮರಿಲ್ಲೊ ದಾಟಿ ಐ-40 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋಗುವ ದಾರಿ ನಮಗೆ ಚೆನ್ನಾಗಿ ರೂಢಿಯಾಗಿದೆ. ಒಂದು ಸಲ ಇದೇ ದಾರಿಯಲ್ಲಿ ಊರಿಂದ ಬಂದ ನಮ್ಮ ಮಾವ ಜೊತೆಗಿದ್ದರು. ಅವರು ಕೆಎಸ್‌ಆರ್‌ಟಿಸಿ ಹಾಸನ ಡಿಪೋದಲ್ಲಿ ಡ್ರೈವರ್ ಆಗಿದ್ದವರು, ಶಿರಾಡಿ ಘಾಟಿಯಲ್ಲಿ ಮಂಗಳೂರು ಬಸ್ಸು ಓಡಿಸಿ ನಿವೃತ್ತರಾದವರು. ಇಲ್ಲಿ ನಾನು ಹೇಳುವುದರಲ್ಲಿ ಅರ್ಧ ಅವರ ಕಣ್ಣಿಗೆ ಬಿದ್ದದ್ದು.

ಊರಲ್ಲಿ ಕೂತು ಓದುವವರಿಗೆ ಟ್ರಕ್ ಸ್ಟಾಪ್ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹೆದ್ದಾರಿಯಿಂದ ಎಕ್ಸಿಟ್ ತಗೊಂಡ ತಕ್ಷಣ ಸಿಗುವ ದೊಡ್ಡ ಪೆಟ್ರೋಲ್ ಬಂಕ್ ಅಂದುಕೊಳ್ಳಿ. ಮುಂದುಗಡೆ ಕಾರುಗಳಿಗೆ ಪಂಪು. ಹಿಂದುಗಡೆ ಲಾರಿಗಳಿಗೇ ಬೇರೆ ಡೀಸೆಲ್ ಸಾಲು. ಒಳಗೆ ಊಟ, ಸ್ನಾನದ ಕೋಣೆಗಳು, ಬಟ್ಟೆ ಒಗೆಯುವ ಮಷೀನು. ಹೊರಗೆ ತೂಕದ ಸ್ಕೇಲ್, ಕೆಲವು ಕಡೆ ಟೈರ್ ಅಂಗಡಿ. ಅದರಾಚೆ ಲಾರಿಗಳು ಸಾಲಾಗಿ ನಿಲ್ಲುವ ಜಾಗ. ಅಯೋವಾದ ವಾಲ್ಕಾಟ್‌ನಲ್ಲಿ ಐ-80ರ ಪಕ್ಕ ಇರುವ 'ಅಯೋವಾ 80' ತನ್ನನ್ನು ಜಗತ್ತಿನಲ್ಲೇ ದೊಡ್ಡ ಟ್ರಕ್ ಸ್ಟಾಪ್ ಅಂತ ಕರೆದುಕೊಳ್ಳುತ್ತದೆ, ಅಲ್ಲಿ 900 ಲಾರಿ ನಿಲ್ಲುತ್ತವೆ. ಇವೆಲ್ಲ ಹೆದ್ದಾರಿಯ ಮೇಲೇ ಇಲ್ಲದೆ ಎಕ್ಸಿಟ್ ಪಕ್ಕ ಇರುವುದಕ್ಕೂ ಕಾರಣ ಇದೆ. ಇಂಟರ್‌ಸ್ಟೇಟ್ (ಐ-40, ಐ-80 ತರಹದ ಹೆದ್ದಾರಿ) ಮೇಲಿನ ರೆಸ್ಟ್ ಏರಿಯಾಗಳಲ್ಲಿ ಇಂಧನ, ಊಟ ಮಾರುವ ಹಾಗಿಲ್ಲ ಅಂತ ಫೆಡರಲ್ ಕಾನೂನೇ ಇದೆ. 1960ಕ್ಕೆ ಮುಂಚಿನ ಕೆಲವು ಹಳೇ ಟೋಲ್ ರಸ್ತೆಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ರೆಸ್ಟ್ ಏರಿಯಾದಲ್ಲಿ ಟಾಯ್ಲೆಟ್, ಚಿಪ್ಸ್ ಮಷೀನು, ಒಂದಷ್ಟು ಪಾರ್ಕಿಂಗ್, ಅಷ್ಟೇ. ಬಿಸಿ ಊಟ, ಸ್ನಾನ, ಡೀಸೆಲ್ ಬೇಕಾದ ಲಾರಿಯವನು ಟ್ರಕ್ ಸ್ಟಾಪಿಗೇ ಬರಬೇಕು.

ಈಗ ಗಡಿಯಾರದ ವಿಷಯ. ಇದೊಂದು ಅರ್ಥವಾದರೆ ಉಳಿದ ಎಲ್ಲ ಮರ್ಯಾದೆಯೂ ತಾನಾಗೇ ಹೊಳೆಯುತ್ತದೆ ಅಂತ ನನಗನಿಸುತ್ತದೆ.

ಸರಕು ಸಾಗಿಸುವ ಡ್ರೈವರ್ 10 ಗಂಟೆ ಸತತ ವಿಶ್ರಾಂತಿ ಮುಗಿಸಿ ಕೆಲಸ ಶುರು ಮಾಡಿದ ಕ್ಷಣದಿಂದ ಅವನ 14 ಗಂಟೆಯ ಲೆಕ್ಕ ಶುರು. ಆ 14 ಗಂಟೆಯ ಒಳಗೆ ಗಾಡಿ ಓಡಿಸಬಹುದಾದದ್ದು ಹೆಚ್ಚೆಂದರೆ 11 ಗಂಟೆ. 8 ಗಂಟೆ ಓಡಿಸಿದ ಮೇಲೆ ಮುಂದೆ ಹೋಗಬೇಕಾದರೆ ಅರ್ಧ ಗಂಟೆ ಬಿಡುವು ಕಡ್ಡಾಯ. ಬೆಳಿಗ್ಗೆ 6ಕ್ಕೆ ಶುರು ಮಾಡಿದವನು ರಾತ್ರಿ 8ರ ನಂತರ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಮಧ್ಯೆ ಯಾವುದೋ ಗೋಡೌನಿನಲ್ಲಿ ಲೋಡ್ ಇಳಿಸುವವರು ನಾಲ್ಕು ಗಂಟೆ ಕಾಯಿಸಿದರೂ ಮಾಮೂಲಾಗಿ ಆ ನಾಲ್ಕು ಗಂಟೆ ಇದೇ 14ರಲ್ಲಿ ಕರಗಿ ಹೋಗುತ್ತದೆ. ಮೊದಲು ಇದನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಿದ್ದರು, ಹಿಂದೆ ಮುಂದೆ ಮಾಡಿಕೊಳ್ಳಲು ಸಂದು ಇತ್ತು. 2017ರ ಡಿಸೆಂಬರಿನಿಂದ ಬಹುಪಾಲು ಲಾರಿಗಳಿಗೆ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯವಾಯಿತು. ಎಂಜಿನ್‌ಗೇ ಜೋಡಿಸಿದ ಸಾಧನ, ಗಾಡಿ ಅಲುಗಾಡಿದರೆ ಬರೆದುಕೊಳ್ಳುತ್ತದೆ. ಹೊತ್ತು ಮೀರಿ ಸಿಕ್ಕಿಬಿದ್ದರೆ ಇನ್ಸ್‌ಪೆಕ್ಟರ್ ಅಲ್ಲೇ ಗಾಡಿ ನಿಲ್ಲಿಸಿಬಿಡಬಹುದು.

ಹೀಗಿರುವಾಗ ಸಂಜೆ ಏಳೂವರೆಗೆ ಒಬ್ಬ ಡ್ರೈವರ್ ಟ್ರಕ್ ಸ್ಟಾಪಿಗೆ ಬರುತ್ತಾನೆ ಅಂತಿಟ್ಟುಕೊಳ್ಳಿ. ಅವನ ಕೈಯಲ್ಲಿ ಉಳಿದಿರುವುದು ಇನ್ನು ಅರ್ಧ ಗಂಟೆ. ಒಂದು ಸಾಲು ನೋಡುತ್ತಾನೆ, ತುಂಬಿದೆ. ಎರಡನೇ ಸಾಲೂ ತುಂಬಿದೆ. ಮೂರನೇ ಸಾಲಿನಲ್ಲಿ ಒಂದು ಕಡೆ ಖಾಲಿ ಕಂಡ ಹಾಗಾಗಿ ಮುಂದೆ ಹೋದರೆ, 75 ಅಡಿಯ ಆ ಜಾಗದೊಳಗೆ 30 ಅಡಿಯ ಆರ್‌ವಿ ಹುದುಗಿಕೊಂಡು ನಿಂತಿದೆ. ಒಳಗೆ ಟಿವಿ ಬೆಳಕು. ನಮಗೆ ಅದು ಉಳಿದ ಐವತ್ತು ಡಾಲರ್. ಅವನು ಮುಂದಿನ ಎಕ್ಸಿಟ್‌ಗೆ ಓಡಬೇಕು, ಅಲ್ಲೂ ಇಲ್ಲದಿದ್ದರೆ ರ‍್ಯಾಂಪಿನ ಅಂಚಿನಲ್ಲಿ ಲಾರಿ ನಿಲ್ಲಿಸಿ, ಪಕ್ಕದಲ್ಲಿ ಗಾಡಿಗಳು ಭರ‍್ರನೆ ಹೋಗುವಾಗ ಮಲಗಬೇಕು. ನಡುರಾತ್ರಿ ಪೊಲೀಸರು ಬಂದು ಬಾಗಿಲು ತಟ್ಟಿದರೆ ಅದೂ ಉಂಟು.

ಜಾಗದ ಕೊರತೆ ನಾನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿರುವುದಲ್ಲ. 2019ರಲ್ಲಿ ಫೆಡರಲ್ ಸರ್ಕಾರ ಮಾಡಿದ ಸಮೀಕ್ಷೆಯಲ್ಲಿ ದೇಶಪೂರ್ತಿ ಲೆಕ್ಕಕ್ಕೆ ಸಿಕ್ಕ ಲಾರಿ ಪಾರ್ಕಿಂಗ್ ಜಾಗ ಸುಮಾರು 3,13,000. ಅದರಲ್ಲಿ ಸರ್ಕಾರದ ರೆಸ್ಟ್ ಏರಿಯಾಗಳದ್ದು 40,000 ಅಷ್ಟೇ, ಉಳಿದದ್ದೆಲ್ಲ ಖಾಸಗಿ ಟ್ರಕ್ ಸ್ಟಾಪ್. ಸುರಕ್ಷಿತ ಜಾಗ ಹುಡುಕುವುದು ಕಷ್ಟ ಅಂತ ಆ ಸಮೀಕ್ಷೆಯಲ್ಲಿ ಹೇಳಿದ ಡ್ರೈವರ್‌ಗಳು ನೂರಕ್ಕೆ 98. ಅದಕ್ಕೂ ಮುಂಚೆ, 2016ರಲ್ಲಿ ಅಮೆರಿಕನ್ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಲೆಕ್ಕ ಹಾಕಿ ಹೇಳಿದ್ದು ಇನ್ನೊಂದು. ಜಾಗ ಸಿಗಲಿಕ್ಕಿಲ್ಲ ಅನ್ನುವ ಭಯಕ್ಕೆ ಒಬ್ಬ ಡ್ರೈವರ್ ದಿನಕ್ಕೆ ಸರಾಸರಿ 56 ನಿಮಿಷ ಮುಂಚೆಯೇ ಗಾಡಿ ನಿಲ್ಲಿಸಿಬಿಡುತ್ತಾನೆ. ದೂರದ ಓಟದವರಿಗೆ ಸಾಮಾನ್ಯವಾಗಿ ಸಂಬಳ ಮೈಲಿ ಲೆಕ್ಕದಲ್ಲಿ. ಗಾಡಿ ನಿಂತರೆ ದುಡ್ಡೂ ನಿಂತಿತು.

ಆ 2019ರ ಸಮೀಕ್ಷೆಗೆ ಕಾರಣವಾದ ಕಾನೂನಿನ ಹೆಸರು ಜೇಸನ್ಸ್ ಲಾ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಜೇಸನ್ ರಿವೆನ್‌ಬರ್ಗ್ ಅನ್ನುವ ಡ್ರೈವರ್ ಹಾಲಿನ ಲೋಡ್ ತಗೊಂಡು ಸೌತ್ ಕ್ಯಾರೊಲಿನಾ ಕಡೆ ಹೋಗಿದ್ದರು. ಇಳಿಸಬೇಕಾದ ಜಾಗಕ್ಕೆ ಹೊತ್ತಿಗೆ ಮುಂಚೆ ಹೋಗುವ ಹಾಗಿರಲಿಲ್ಲ. ಹತ್ತಿರದಲ್ಲಿ ಸರಿಯಾದ ಪಾರ್ಕಿಂಗ್ ಇಲ್ಲ. ಮುಚ್ಚಿಹೋದ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಲ್ಲಿಸಿದರು. ಅಲ್ಲೇ ಅವರನ್ನು ಗುಂಡು ಹೊಡೆದು ಕೊಂದರು. ಕಳ್ಳನಿಗೆ ಸಿಕ್ಕಿದ್ದು 7 ಡಾಲರ್. ಮನೆಯಲ್ಲಿ ಹೆಂಡತಿ ಹೋಪ್ ತುಂಬು ಗರ್ಭಿಣಿ, ಹೊಟ್ಟೆಯಲ್ಲಿ ಅವಳಿ ಮಕ್ಕಳು. ಆಕೆ ಓಡಾಡಿ, ಹೋರಾಡಿ, 2012ರಲ್ಲಿ ಈ ಕಾನೂನು ಹೆದ್ದಾರಿ ಮಸೂದೆಯ ಒಳಗೆ ಸೇರಿತು. ಕಾನೂನು ಬಂದರೂ ಜಾಗ ಬೇಕಾದಷ್ಟು ಬೆಳೆದಿಲ್ಲ. ಈ ಮಧ್ಯೆ ಕೋವಿಡ್ ಬಂತು, ವಿಮಾನ ಬೇಡ ಅಂತ ಎಲ್ಲರೂ ಆರ್‌ವಿ ಕೊಂಡರು. 2021 ಒಂದೇ ವರ್ಷದಲ್ಲಿ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಜಾಸ್ತಿ ಆರ್‌ವಿ ಹೊರಬಿದ್ದವು. ಅವರೆಲ್ಲ ಎಲ್ಲೋ ಒಂದು ಕಡೆ ರಾತ್ರಿ ಕಳೆಯಬೇಕಲ್ಲ.

ನ್ಯೂ ಮೆಕ್ಸಿಕೊದ ಟುಕುಮ್‌ಕಾರಿ ಹತ್ತಿರ ಒಂದು ಟ್ರಕ್ ಸ್ಟಾಪಿನಲ್ಲಿ ಪೆಟ್ರೋಲ್ ಹಾಕಿಸಿ, ಕಾರುಗಳ ಕಡೆ ಗಾಡಿ ನಿಲ್ಲಿಸಿ ನಾವು ಪುಳಿಯೋಗರೆ ಡಬ್ಬಿ ಬಿಚ್ಚಿದ್ದೆವು. ಮಾವ ಊಟ ಮಾಡದೆ ಮುಂದಿನ ಸೀಟಿನಲ್ಲಿ ಕೂತು ಲಾರಿ ಸಾಲನ್ನೇ ನೋಡುತ್ತಿದ್ದರು. ಒಂದು ಲಾರಿ ಬಂತು. ಖಾಲಿ ಜಾಗವನ್ನು ದಾಟಿ ಮುಂದೆ ಹೋಗಿ ನಿಂತಿತು, ನಾಲ್ಕೂ ಇಂಡಿಕೇಟರ್ ಮಿಣುಕತೊಡಗಿದವು. ಡ್ರೈವರ್ ಇಳಿದ. ಹಿಂದೆ ಹೋಗಿ ಆ ಜಾಗದ ಎರಡೂ ಪಕ್ಕ ನೋಡಿದ, ನೆಲ ನೋಡಿದ, ಮೇಲೆ ತಲೆ ಎತ್ತಿ ನೋಡಿದ, ಮತ್ತೆ ಹತ್ತಿದ. 53 ಅಡಿಯ ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಬೇಕು. ಮುಂದಿನ ಭಾಗ ಓರೆಯಾದ ಮೇಲೆ ಒಂದು ಕಡೆಯ ಕನ್ನಡಿಯಲ್ಲಿ ಅವನದೇ ಟ್ರೇಲರ್ ಗೋಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅರ್ಧ ಒಳಗೆ ಹೋದ ಮೇಲೆ ನಿಲ್ಲಿಸಿ ಮತ್ತೆ ಇಳಿದ. ಪಕ್ಕದ ಲಾರಿಯ ಕನ್ನಡಿಗೂ ತನ್ನ ಟ್ರೇಲರಿಗೂ ನಡುವೆ ಅಂಗೈ ಇಟ್ಟು ನೋಡಿದ. ಮತ್ತೆ ಹತ್ತಿದ.

"ಇವನಿಗೆ ಕ್ಲೀನರ್ ಇಲ್ವೇನಮ್ಮ?" ಅಂದರು ಮಾವ.

ಇಲ್ಲ ಮಾವ, ಇಲ್ಲಿ ಒಬ್ಬರೇ ಅಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ. ನಮ್ಮ ಕಡೆ ಲಾರಿ ರಿವರ್ಸ್ ಹೋಗಬೇಕಾದರೆ ಕ್ಲೀನರ್ ಇಳಿದು ಹಿಂದೆ ನಿಂತು ಬಾಡಿ ತಟ್ಟುತ್ತಾ "ಬರ್ಲಿ ಬರ್ಲಿ" ಅನ್ನುತ್ತಾನೆ. ಬಸ್ಸಾದರೆ ಕಂಡಕ್ಟರ್ ಸೀಟಿ ಊದುತ್ತಾ "ರೈಟ್, ರೈಟ್, ಹೋಲ್ಡಾನ್" ಅಂತ ಕೂಗುತ್ತಾನೆ. ಇಲ್ಲಿ ಅದಕ್ಕಿಂತ ಎಷ್ಟೋ ಉದ್ದದ ಗಾಡಿಗೆ ಒಂದೇ ಜೊತೆ ಕಣ್ಣು, ಅದೂ ದಿನವಿಡೀ ಓಡಿಸಿ ಸುಸ್ತಾದ ಕಣ್ಣು. ಅಷ್ಟರಲ್ಲಿ ಒಂದು ಆರ್‌ವಿ, ಹಿಂದೆ ಕಾರು ಬೇರೆ ಕಟ್ಟಿಕೊಂಡು, ಸುಯ್ಯನೆ ಆ ಲಾರಿಯ ಹಿಂಬದಿಯಿಂದಲೇ ನುಗ್ಗಿ ಹೋಯಿತು. ಲಾರಿ ಹಿಂದಕ್ಕೆ ಬರುತ್ತಿದ್ದದ್ದು ಗಕ್ಕನೆ ನಿಂತಿತು, ಏರ್ ಬ್ರೇಕಿನ ಬುಸ್ ಅನ್ನುವ ಸದ್ದು ನಮಗೂ ಕೇಳಿಸಿತು. ಮಾವನಿಗೆ ಸಿಟ್ಟೇ ಬಂತು. "ಎರಡು ನಿಮಿಷ ಕಾಯಕ್ಕೆ ಏನಾಗಿತ್ತು ಅವನಿಗೆ? ಟೂರ್ ಬಂದಿರೋನು ತಾನೆ!"

ನನ್ನ ಮಟ್ಟಿಗೆ ಇದೇ ಮೊದಲ ಪಾಠ. ಲಾರಿ ಇಂಡಿಕೇಟರ್ ಮಿಣುಕಿಸುತ್ತಾ ಖಾಲಿ ಜಾಗ ದಾಟಿ ನಿಂತರೆ ಅದು ರಿವರ್ಸ್ ಹೋಗುತ್ತದೆ ಅಂತಲೇ ಅರ್ಥ. ದೂರದಲ್ಲೇ ನಿಲ್ಲಿಸಿ. ಅದರ ಮುಂದೆ ಖಾಲಿ ಬಿಡಿ, ಯಾಕೆಂದರೆ ಮೂತಿ ಆಚೆ ಈಚೆ ತಿರುಗಿಸಲು ಅವನಿಗೆ ಅಲ್ಲೂ ಜಾಗ ಬೇಕು. ಇಳಿದು ಹೋಗಿ ಕೈ ಬೀಸಿ ದಾರಿ ತೋರಿಸುವ ಉಪಕಾರ ಬೇಡ, ಅವನಾಗಿ ಕೇಳಿದರೆ ಸರಿ. ಗುರುತಿಲ್ಲದವರ ಕೈ ನೋಡಿ ರಿವರ್ಸ್ ಹೋಗುವ ಡ್ರೈವರ್ ಕಡಿಮೆ.

ನಡೆದುಕೊಂಡು ಓಡಾಡುವುದೂ ಅಷ್ಟೇ. ದೊಡ್ಡ ಲಾರಿಯ ಮುಂದೆ 20 ಅಡಿ, ಹಿಂದೆ 30 ಅಡಿ ಡ್ರೈವರ್‌ಗೆ ಕಾಣುವುದಿಲ್ಲ ಅಂತ ಇಲ್ಲಿನ ಸಾರಿಗೆ ಇಲಾಖೆಯೇ ಎಚ್ಚರಿಸುತ್ತದೆ. ನಾಯಿ ಹಿಡಿದುಕೊಂಡು ಎರಡು ಲಾರಿಗಳ ಸಂದಿಯಿಂದ ದಿಢೀರಂತ ಹೊರಬರುವವರನ್ನು ನೋಡಿದರೆ ನನ್ನ ಎದೆ ಝಲ್ಲೆನ್ನುತ್ತದೆ. ಒಂದು ಮಧ್ಯಾಹ್ನ ನಮ್ಮ ಕಡೆಯವರೇ, ಎರಡು ಸಂಸಾರ, ಲಾರಿ ಸಾಲಿನ ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಬಾಲ್ ಇಟ್ಟುಕೊಂಡು ಕ್ರಿಕೆಟ್ ಆಡಿಸುತ್ತಿದ್ದರು. ಮಕ್ಕಳು ಪಾಪ ದಿನಪೂರ್ತಿ ಕೂತು ಬೇಸತ್ತಿರುತ್ತವೆ, ಗೊತ್ತು. ಆದರೆ ಬಾಲ್ ಲಾರಿ ಕೆಳಗೆ ಹೋದರೆ ಮಗು ಅದರ ಹಿಂದೆಯೇ ಹೋಗುತ್ತದೆ. ಆ ಲಾರಿಗೆ ಹೊರಡುವ ಹೊತ್ತಾಗಿದೆಯೋ ಇಲ್ಲವೋ ಯಾರಿಗೆ ಗೊತ್ತು? ಆಡಿಸಲು ರೆಸ್ಟ್ ಏರಿಯಾದ ಹುಲ್ಲು ಎಷ್ಟೋ ವಾಸಿ.

ಮಧ್ಯಾಹ್ನ ಗಲಾಟೆ ಮಾಡಿದರೆ ಪರವಾಗಿಲ್ಲ, ಯಾರೂ ಮಲಗಿರಲ್ಲ ಅನ್ನುವುದೂ ತಪ್ಪು ಲೆಕ್ಕ. ರಾತ್ರಿಯಿಡೀ ಓಡಿಸಿದ ಡ್ರೈವರ್‌ಗೆ ಮಧ್ಯಾಹ್ನ ಹನ್ನೆರಡೇ ನಡುರಾತ್ರಿ. ಕ್ಯಾಬಿನ್ನಿನ ಹಿಂದೆ ಒಂದು ಮಂಚ, ಅದಕ್ಕೊಂದು ಪರದೆ, ಅದೇ ಅವನ ಬೆಡ್‌ರೂಮು. ಆ 10 ಗಂಟೆಯ ಮಧ್ಯೆ ಎಬ್ಬಿಸಿ ಗಾಡಿ ಸರಿಸಿ ಅಂದರೆ ನಿದ್ದೆ ಕೆಡುವುದರ ಜೊತೆಗೆ ಅವನ ಲೆಕ್ಕವೂ ಗೋಜಲಾಗುತ್ತದೆ. ಲಾರಿ ಬಾಗಿಲು ತಟ್ಟಿ "ಸ್ವಲ್ಪ ಎಂಜಿನ್ ಆಫ್ ಮಾಡ್ತೀರಾ, ಸದ್ದು ಜಾಸ್ತಿ" ಅಂದ ಮಹಾಶಯರೂ ಇದ್ದಾರೆ. ಜುಲೈ ತಿಂಗಳ ಬಿಸಿಲಿನಲ್ಲಿ ಆ ಎಂಜಿನ್ನೇ ಅವನ ಎಸಿ. ಇನ್ನು ರೀಫರ್ ಅಂತ ಇರುತ್ತವೆ, ಟ್ರೇಲರ್ ಮೂತಿಗೆ ಫ್ರಿಜ್ಜಿನ ಯಂತ್ರ ಕೂರಿಸಿದವು. ಅವು ರಾತ್ರಿಯಿಡೀ ಗುರ್ ಅನ್ನುತ್ತಾ, ನಿಲ್ಲುತ್ತಾ, ಮತ್ತೆ ಗುರ್ ಅನ್ನುತ್ತಾ ಇರುತ್ತವೆ. ಒಳಗೆ ಐಸ್‌ಕ್ರೀಮೋ ಕೋಳಿ ಮಾಂಸವೋ ಇದ್ದರೆ ಅದನ್ನು ಆರಿಸಲು ಆಗುತ್ತದಾ? ಸದ್ದು ಸಹಿಸಕ್ಕಾಗಲ್ಲ ಅನ್ನುವವರು ಅಲ್ಲಿಗೆ ಬರಬಾರದು, ಅಷ್ಟೇ.

ಬೆಳಕಿನ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ರಾತ್ರಿ ಸಾಲಿನೊಳಗೆ ತಿರುಗುವಾಗ ನಮ್ಮ ಹೆಡ್‌ಲೈಟ್ ಒಂದೊಂದೇ ಕ್ಯಾಬಿನ್ ಮೇಲೆ ಹಾದು ಹೋಗುತ್ತದೆ. ಅನುಭವ ಇರುವ ಡ್ರೈವರ್‌ಗಳು ನಿಲ್ಲಿಸುವ ಜಾಗಕ್ಕೆ ಬಂದ ಮೇಲೆ ಹೆಡ್‌ಲೈಟ್ ಆರಿಸಿ ಪಾರ್ಕಿಂಗ್ ಲೈಟಿನಲ್ಲೇ ನಿಧಾನಕ್ಕೆ ಸರಿಯುತ್ತಾರೆ. ನಾವೂ ಹಾಗೇ ಮಾಡಬೇಕು. ಆರ್‌ವಿ ಬಾಗಿಲ ಮೇಲಿನ ದೀಪ, ಹಬ್ಬಕ್ಕೆ ಕಟ್ಟುವ ಸರದ ದೀಪ ಎಲ್ಲ ಕ್ಯಾಂಪ್‌ಗ್ರೌಂಡಿಗೆ ಇರಲಿ.

ಡೀಸೆಲ್ ಸಾಲಿನ ಕತೆ ಬೇರೆ. ಪೆಟ್ರೋಲ್ ಗಾಡಿಗಳಿಗೆ ಅಲ್ಲಿ ಕೆಲಸವೇ ಇಲ್ಲ. ಡೀಸೆಲ್ ಆರ್‌ವಿ ಇರುವವರು ಹೋಗಬಹುದು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಆ ಪಂಪಿನ ನಾಝಲ್ ದಪ್ಪ, ಹರಿವು ಜೋರು, ಸಣ್ಣ ಪಿಕಪ್ ಗಾಡಿಗಳ ಬಾಯಿಗೆ ಅದು ಹಿಡಿಯುವುದೂ ಇಲ್ಲ. ಲಾರಿಗೆ ಎರಡೂ ಪಕ್ಕ ಟ್ಯಾಂಕ್ ಇರುವುದರಿಂದ ಸಾಲಿನ ಎರಡೂ ಬದಿಗೆ ಪಂಪ್ ಇರುತ್ತದೆ, ಒಂದು ಮುಖ್ಯದ್ದು, ಇನ್ನೊಂದು ಅದರ ಜೊತೆಗಾರ. ಕೆಲವು ಕಡೆ ಪಂಪು ಲಾರಿ ನಂಬರು, ಟ್ರೇಲರ್ ನಂಬರು, ಮೀಟರ್ ಎಲ್ಲ ಕೇಳಿ ಪ್ರಾಣ ತಿನ್ನುತ್ತದೆ. ಅಂಥ ಕಡೆ ಮೊದಲೇ ಒಳಗಿನ ಕೌಂಟರಿನಲ್ಲಿ ಹೇಳಿ ಹಾಕಿಸಿಕೊಳ್ಳುವುದು ಸುಲಭ. ತುಂಬಿಸಿದ ಮೇಲೆ ಒಂದು ಗಾಡಿಯಷ್ಟು ಮುಂದೆ ಹೋಗಿ ನಿಲ್ಲಿಸಬೇಕು, ಅದಕ್ಕೆಂದೇ ಮುಂದೆ ಜಾಗ ಬಿಟ್ಟಿರುತ್ತಾರೆ. ಹಿಂದಿನವನು ಪಂಪಿಗೆ ಬರಲಿ, ಆಮೇಲೆ ನೀವು ರಸೀದಿ ತರಲು ಹೋಗಿ. ಪಂಪಿನ ಮುಂದೆಯೇ ಗಾಡಿ ಬಿಟ್ಟು ಟಾಯ್ಲೆಟ್, ಕಾಫಿ, ಮಕ್ಕಳಿಗೆ ಫ್ರೈಸ್ ಅಂತ ಕಾಲು ಗಂಟೆ ಕಳೆಯುವುದು ಲಾರಿಯವರಲ್ಲೂ ಕೆಲವರು ಮಾಡುತ್ತಾರೆ, ಅವರಿಗೂ ಬೈಗುಳ ಸಿಗುತ್ತದೆ. ಫ್ಲೈಯಿಂಗ್ ಜೆ ತರಹದ ಟ್ರಕ್ ಸ್ಟಾಪುಗಳಲ್ಲಿ ಆರ್‌ವಿಗೇ ಬೇರೆ ಸಾಲು ಇರುವುದುಂಟು, ಪೆಟ್ರೋಲ್ ಡೀಸೆಲ್ ಎರಡೂ ಸಿಗುತ್ತದೆ, ಕೊಳಚೆ ಟ್ಯಾಂಕ್ ಖಾಲಿ ಮಾಡಲು ಡಂಪ್ ಸ್ಟೇಶನ್ನೂ ಇರುತ್ತದೆ. ಅದನ್ನು ಬಳಸಿ. ಪಾತ್ರೆ ತೊಳೆದ ನೀರು ತಾನೆ ಅಂತ ಪಾರ್ಕಿಂಗಿನಲ್ಲೇ ಪೈಪು ಬಿಟ್ಟು ಹೋಗುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ರಾತ್ರಿ ನಿಲ್ಲಲೇಬೇಕಾಯಿತು ಅಂತಿಟ್ಟುಕೊಳ್ಳಿ. ಬಿರುಗಾಳಿ, ಹಿಮ, ಕಣ್ಣು ಎಳೆಯುತ್ತಿದೆ, ಮಗುವಿಗೆ ಜ್ವರ. ಇಂಥ ಹೊತ್ತಿನಲ್ಲಿ ಖಂಡಿತ ನಿಲ್ಲಿ, ಯಾವ ಡ್ರೈವರೂ ಬೇಡ ಅನ್ನುವುದಿಲ್ಲ. ಮೊದಲು ಒಳಗೆ ಹೋಗಿ ಎಲ್ಲಿ ನಿಲ್ಲಿಸಲಿ ಅಂತ ಕೇಳಿ. ಆರ್‌ವಿಗೆ ಗುರುತು ಮಾಡಿದ ಜಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ಕಾರುಗಳ ಕಡೆ ಅಂಚಿನಲ್ಲಿ. ದುಡ್ಡು ಕೊಟ್ಟು ಕಾದಿರಿಸಿದ ಜಾಗ ಅಂತ ಬೋರ್ಡ್ ಇರುವ ಕಡೆ ಬೇಡವೇ ಬೇಡ. ಸ್ಲೈಡ್ ಔಟ್ ಎಳೆಯಬೇಡಿ. ಗಾಡಿಯ ಗೋಡೆಯನ್ನು ಡ್ರಾಯರಿನಂತೆ ಎರಡು ಮೂರು ಅಡಿ ಹೊರಗೆ ಎಳೆದು ಒಳಗಿನ ಕೋಣೆ ದೊಡ್ಡದು ಮಾಡುವ ವ್ಯವಸ್ಥೆ ಅದು, ಅದನ್ನು ಎಳೆದರೆ ಪಕ್ಕದ ಲಾರಿಯವನಿಗೆ ಬಾಗಿಲು ತೆಗೆಯಲು ಸಂದು ಉಳಿಯುವುದಿಲ್ಲ, ಬೆಳಗಿನ ಜಾವ ಅವನು ಹೊರಡುವಾಗ ತಗುಲಿದರೆ ನಷ್ಟ ನಿಮಗೇ. ಗಾಡಿ ಮಟ್ಟವಾಗಿ ನಿಲ್ಲಿಸುವ ಲೆವೆಲಿಂಗ್ ಜ್ಯಾಕ್ ಇಳಿಸಬೇಡಿ, ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಅದು ಗುಂಡಿ ಮಾಡುತ್ತದೆ. ಕುರ್ಚಿ, ಗ್ರಿಲ್, ನೆರಳಿನ ಬಟ್ಟೆ ಹೊರಗೆ ಬರಬಾರದು. ಡೀಸೆಲ್ ಅಲ್ಲೇ ಹಾಕಿಸಿ, ತಿಂಡಿ ಅಲ್ಲೇ ಕೊಳ್ಳಿ, ಬೆಳಿಗ್ಗೆ ಎದ್ದು ಹೊರಡಿ. ಇನ್ನೊಂದು, ಹಗಲು ಹೊತ್ತು ಎರಡು ಗಂಟೆ ನಿದ್ದೆ ತೆಗೆಯಲು ಟ್ರಕ್ ಸ್ಟಾಪ್ ಒಳ್ಳೇ ಜಾಗವೇ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಸಾಲುಗಳು ಅರ್ಧ ಖಾಲಿ ಇರುತ್ತವೆ. ನಾಲ್ಕು ಗಂಟೆಯ ನಂತರ ತುಂಬತೊಡಗುತ್ತವೆ. ತಮಾಷೆ ಅಂದರೆ ಆರ್‌ವಿಯವರು ಕತ್ತಲಾಗುವ ಮುಂಚೆ ನಿಲ್ಲಿಸೋಣ ಅಂತ ಬಂದು ಸೇರುವುದೂ ಸರಿಯಾಗಿ ಅದೇ ಹೊತ್ತಿಗೆ.

"ನಾನೂ ದುಡ್ಡು ಕೊಟ್ಟು ಪೆಟ್ರೋಲ್ ಹಾಕಿಸ್ತೀನಿ, ನನಗೂ ಹಕ್ಕಿದೆ" ಅನ್ನುವವರ ಮಾತು ನಾನು ಬಹಳ ಕೇಳಿದ್ದೇನೆ. ಹಕ್ಕು ಇರಬಹುದು. ನಿಮ್ಮದು 80 ಡಾಲರ್ ಪೆಟ್ರೋಲ್, ಅವನದು ನೂರಾರು ಗ್ಯಾಲನ್ ಡೀಸೆಲ್ ಅನ್ನುವ ವ್ಯಾಪಾರದ ಲೆಕ್ಕವನ್ನೂ ಬದಿಗಿಡೋಣ. ನಿಮಗೆ ಇನ್ನೂ ಎಪ್ಪತ್ತು ಮೈಲಿ ಓಡಿಸಿ ಬೇರೆ ಕಡೆ ಮಲಗಲು ಯಾವ ಕಾನೂನೂ ಅಡ್ಡ ಇಲ್ಲ. ಅವನಿಗೆ ಇದೆ. ನನ್ನ ವಾದ ಇಷ್ಟೇ. ಲಾರಿಯವರೆಲ್ಲ ದೇವರು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಆರ್‌ವಿ ಜಾಗದಲ್ಲೇ ನಿಲ್ಲಿಸಿದ್ದರೂ ಕಿಟಕಿ ಇಳಿಸಿ ಬೈದು ಹೋದ ಡ್ರೈವರ್ ನಮಗೂ ಸಿಕ್ಕಿದ್ದಾನೆ, ಆರ್‌ವಿ ಬೋರ್ಡಿನ ಕೆಳಗೇ ಅಡ್ಡಡ್ಡ ನಿಂತ ಲಾರಿಗಳನ್ನೂ ನೋಡಿದ್ದೇನೆ. ಜಾಗ ಇಲ್ಲದ ಕಡೆ ಎಲ್ಲರ ತಾಳ್ಮೆಯೂ ಅಷ್ಟಕ್ಕಷ್ಟೇ.

ತೂಕದ ಸ್ಕೇಲ್ ಬಗ್ಗೆ ಎರಡು ಮಾತು. ಹಳದಿ ಕಪ್ಪು ಬೋರ್ಡಿನ ಕ್ಯಾಟ್ ಸ್ಕೇಲ್ ಬಹುಪಾಲು ಟ್ರಕ್ ಸ್ಟಾಪುಗಳಲ್ಲಿ ಇದೆ. ಅಯೋವಾ 80 ನಡೆಸುತ್ತಿದ್ದ ಬಿಲ್ ಮೂನ್ 1977ರಲ್ಲಿ ಶುರು ಮಾಡಿದ್ದು ಇದು. ಲಾರಿಗೆ 80,000 ಪೌಂಡ್ ಮಿತಿ ಇರುವುದರಿಂದ ಅವರು ಲೋಡ್ ಆದ ಮೇಲೆ ತೂಗಿಸಿ ನೋಡುತ್ತಾರೆ. ಆರ್‌ವಿಯವರೂ ತೂಗಿಸಬೇಕು. ನಮ್ಮ ಜನ ಕುಕ್ಕರು, ಗ್ರೈಂಡರು, ಅಕ್ಕಿ ಮೂಟೆ, ನೀರಿನ ಕ್ಯಾನು ಅಂತ ಮನೆಯನ್ನೇ ಹೇರಿಕೊಂಡು ಹೊರಡುವವರಲ್ವಾ, ಟೈರ್ ಸಿಡಿಯುವುದು ಆಮೇಲೆ ಗೊತ್ತಾಗುತ್ತದೆ. ಸಂಜೆ ಗಲಾಟೆಯ ಹೊತ್ತು ಬಿಟ್ಟು ಹೋಗಿ. ಮೊಬೈಲ್ ಆ್ಯಪಿನಲ್ಲಿ ದುಡ್ಡು ಕಟ್ಟಿದರೆ ಇಳಿಯುವ ಕೆಲಸವೇ ಇಲ್ಲ. ತೂಕ ಆದ ತಕ್ಷಣ ಸ್ಕೇಲ್ ಬಿಟ್ಟು ಮುಂದೆ ಸರಿಯಿರಿ. ಅದರ ಮೇಲೇ ನಿಂತು ನಂಬರ್ ಓದುತ್ತಾ ಗಂಡ ಹೆಂಡತಿ ಜಗಳ ಆಡುವುದು ಬೇಡ.

ಐ-40ರಲ್ಲಿ ನಮಗೆ ಒಂದು ಹೆಚ್ಚಿನ ಆಸೆ ಇರುತ್ತದೆ. ಈಗ ಇಲ್ಲಿ ಲಾರಿ ಓಡಿಸುವವರಲ್ಲಿ ಪಂಜಾಬಿಗಳು ಬಹಳ. ಅವರಿಗಾಗಿ ಒಕ್ಲಹೋಮಾದ ಸೇಯರ್, ಟೆಕ್ಸಸ್‌ನ ವೇಗಾ ತರಹದ ಪುಟ್ಟ ಊರುಗಳ ಟ್ರಕ್ ಸ್ಟಾಪಿನಲ್ಲೇ ಢಾಬಾ ಶುರುವಾಗಿವೆ. ಬಿಸಿ ರೋಟಿ, ದಾಲ್, ಚಹಾ. ಇಂಥದ್ದೊಂದು ಕಡೆ ಮಾವ ತಮ್ಮ ಡಿಪೋ ಹಿಂದಿಯಲ್ಲಿ ಒಬ್ಬ ಸರ್ದಾರ್ ಡ್ರೈವರ್ ಜೊತೆ ಮಾತಿಗೆ ಕೂತರು. ಮೈಲಿಗೆ ಎಷ್ಟು, ವಾರಕ್ಕೆ ಎಷ್ಟು, ಮನೆಗೆ ಯಾವಾಗ ಹೋಗ್ತೀರಿ, ಎಲ್ಲ ವಿಚಾರಣೆ ಆಯಿತು. "ಓವರ್‌ಟೈಮ್ ಕೊಡಲ್ವಾ?" ಅಂತ ಮಾವ ಕೇಳಿದ್ದಕ್ಕೆ ಆತ ನಕ್ಕರು. ಇಲ್ಲಿನ ಓವರ್‌ಟೈಮ್ ಕಾನೂನು 1938ರದ್ದು, ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಲಾರಿ ಡ್ರೈವರ್‌ಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಮಾವನಿಗೆ ಇದು ಅರಗಲೇ ಇಲ್ಲ. ಗಾಡಿಗೆ ಬಂದ ಮೇಲೂ "ಯೂನಿಯನ್ ಏನ್ ಮಾಡ್ತಿದೆ?" ಅಂತ ಅಂದುಕೊಳ್ಳುತ್ತಲೇ ಇದ್ದರು. ಈ ಢಾಬಾಗಳ ಪಾರ್ಕಿಂಗ್ ಚಿಕ್ಕದು. ನಮ್ಮವರು ಊಟ ಸಿಕ್ಕ ಖುಷಿಗೆ ಎರಡು ಗಂಟೆ ಹರಟೆ ಹೊಡೆದು, ನಾಲ್ಕು ಆರ್‌ವಿ ಸಾಲಾಗಿ ನಿಲ್ಲಿಸಿ ಗುಂಪು ಫೋಟೋ ತೆಗೆಯುವುದನ್ನು ನೋಡಿದ್ದೇನೆ. ಊಟದ ಬಿಡುವು ಅರ್ಧ ಗಂಟೆ ಇರುವವನು ಹೊರಗೆ ಜಾಗ ಹುಡುಕುತ್ತಿರುತ್ತಾನೆ. ಕಟ್ಟಿಸಿಕೊಂಡು ಹೋಗಿ, ಮುಂದಿನ ರೆಸ್ಟ್ ಏರಿಯಾದಲ್ಲಿ ತಿನ್ನಿ.

ಹಾಗಾದರೆ ಮಲಗುವುದೆಲ್ಲಿ? ಜಾಗಕ್ಕೆ ಬರವಿಲ್ಲ. ಕೆಲವು ವಾಲ್‌ಮಾರ್ಟ್‌ಗಳು ಈಗಲೂ ಬಿಡುತ್ತವೆ, ಒಂದು ಫೋನ್ ಮಾಡಿ ಮ್ಯಾನೇಜರನ್ನು ಕೇಳಬೇಕು. ಕ್ರ್ಯಾಕರ್ ಬ್ಯಾರೆಲ್ ಹೋಟೆಲುಗಳ ಹಿಂದೆ ಬಸ್ಸು, ಆರ್‌ವಿಗೆ ಗೆರೆ ಹಾಕಿದ ಜಾಗ ಇರುವುದುಂಟು, ಅಲ್ಲೂ ಕೇಳಿಯೇ ನಿಲ್ಲಿಸಿ. ಟೆಕ್ಸಸ್ ರೆಸ್ಟ್ ಏರಿಯಾದಲ್ಲಿ 24 ಗಂಟೆ ನಿಲ್ಲಬಹುದು, ಕ್ಯಾಲಿಫೋರ್ನಿಯಾದಲ್ಲಿ 8 ಗಂಟೆ, ರಾಜ್ಯಕ್ಕೊಂದು ನಿಯಮ, ಅಲ್ಲಿಯೂ ಲಾರಿ ಸಾಲು ಬಿಟ್ಟು ನಿಲ್ಲಬೇಕು. ಪಶ್ಚಿಮದಲ್ಲಿ ಬಿಎಲ್‌ಎಂ ಅನ್ನುವ ಸರ್ಕಾರಿ ಭೂಮಿ ಇದೆ, ಬಹಳ ಕಡೆ 14 ದಿನದವರೆಗೆ ಪುಕ್ಕಟೆ. ಬರೀ ಪೆಟ್ರೋಲ್ ಮತ್ತು ಟಾಯ್ಲೆಟ್ ಸಾಕು ಅನ್ನುವವರಿಗೆ ಬಕೀಸ್ ಅನ್ನುವ ದೊಡ್ಡ ಬಂಕು ಇದೆ, ಅಲ್ಲಿ ದೊಡ್ಡ ಲಾರಿಗಳಿಗೆ ಪ್ರವೇಶವೇ ಇಲ್ಲ, ಹಾಗಾಗಿ ಯಾರಿಗೂ ತೊಂದರೆ ಇಲ್ಲ. ರಾತ್ರಿ ತಂಗಲು ಮಾತ್ರ ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಒಳಗೇ ಮಲಗುವ ಆಸೆ ಇದ್ದರೆ ಮ್ಯಾದರ್ ಕ್ಯಾಂಪ್‌ಗ್ರೌಂಡಿಗೆ ಆರು ತಿಂಗಳ ಮುಂಚೆಯೇ ಬುಕಿಂಗ್ ತೆರೆಯುತ್ತದೆ, 30 ಅಡಿಗಿಂತ ಉದ್ದದ ಗಾಡಿಯನ್ನು ಅಲ್ಲಿ ಸೇರಿಸುವುದಿಲ್ಲ. ಜುಲೈ 4ರ ವಾರ ಹೊರಡುವವರು ಬಾಡಿಗೆ ಗಾಡಿಯ ಉದ್ದ ಎಷ್ಟು ಅಂತ ಮೊದಲು ಕೇಳಿ ಇಟ್ಟುಕೊಂಡು ಆಮೇಲೆ ನನಗೆ ಫೋನ್ ಮಾಡಿ.